ತಲೆಕೆಳಗಿನ ಕಣ್ಣು

ಬೀಜವೇ ಇಲ್ಲದ ಹಣ್ಣಿನ ಗಿಡ ಎಲ್ಲಿಂದ ಹುಟ್ಟುತ್ತದೆ ಎಂದು ನರ್ಸರಿಗೆ ಬಂದವರು ಕೇಳುವುದು ಮಾಮೂಲು. ಕಣ್ಣಕ್ಕನ ಬಳಿ ಅದಕ್ಕೊಂದು ಸಿದ್ಧ ಉತ್ತರವಿತ್ತು: "ನನ್ನ ಕೈಯಿಂದ." ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ತಲೆ ಬಗ್ಗಿಸುತ್ತಿದ್ದಳು. ವಿನಯ ಎಂಬುದು ಅವಳ ಹತ್ತಿರ ಸುಳಿದದ್ದೇ ಇಲ್ಲ. ಇನ್ನೂ ಕೆದಕಿದವರ ಮೂಗಿನ ಮುಂದೆ ಕೈಯಲ್ಲಿದ್ದ ಕಡ್ಡಿ ಹಿಡಿದು, ಎಲೆಯ ತೊಟ್ಟಿನ ಕಂಕುಳಲ್ಲಿ ಅಕ್ಕಿಕಾಳಿನಷ್ಟೂ ಇಲ್ಲದ ಒಂದು ಉಬ್ಬನ್ನು ತೋರಿಸುತ್ತಿದ್ದಳು. ಅದೇ ಕಣ್ಣು. ಅದನ್ನು ಒಂದು ಚೂರು ತೊಗಟೆಯ ಸಮೇತ ಕೆತ್ತಿ ತೆಗೆಯಬೇಕು, ಬೇರೊಂದು ಸಸಿಯ ತೊಗಟೆ ಸೀಳಿ ಅದರೊಳಗೆ ಜಾರಿಸಬೇಕು, ಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಕೆಳಗಿನ ಸಸಿ ಯಾವುದೋ ಹುಳಿ ನಿಂಬೆಯದು, ಹಣ್ಣು ಬಿಟ್ಟರೆ ಬರೀ ಬೀಜದ ಚೀಲ. ಅದರ ಪಾಲಿಗೆ ಬೇರು ಬಿಟ್ಟು ನೀರೆಳೆಯುವ ಚಾಕರಿ. ಮೇಲೆ ಏಳುವುದೆಲ್ಲ ಕೂರಿಸಿದ ಕಣ್ಣಿನ ಮರ.

ಈ ಕೆಲಸಕ್ಕೆ ಅವರ ಮನೆಯಲ್ಲಿ 'ಕಣ್ಣು ಕೂರಿಸುವುದು' ಎನ್ನುತ್ತಿದ್ದರು. ಬೀದಿಯವರು ಅವಳಿಗೆ ಕಣ್ಣಕ್ಕ ಎಂದು ಹೆಸರಿಟ್ಟದ್ದು ಅದಕ್ಕೇ. ಬೇರೆಯವರು ಕಣ್ಣು ಹಾಕಿದರೆ ಗಿಡ ಒಣಗುತ್ತದೆ, ಇವಳು ಹಾಕಿದರೆ ಚಿಗುರುತ್ತದೆ ಎಂದು ಎದುರು ಅಂಗಡಿಯ ಟೈಲರು ತಮಾಷೆ ಮಾಡುತ್ತಿದ್ದ. ಹೇಳಿ ಹೇಳಿ ಸವೆದ ಆ ತಮಾಷೆಗೆ ಅವಳು ಪ್ರತಿಸಲವೂ ನಗುತ್ತಿದ್ದಳು, ಏಕೆಂದರೆ ಅದು ಹೊಗಳಿಕೆ.

ಕೆಲಸ ಕಲಿಸಿದ್ದು ಅಪ್ಪ. ಮಾಮೂಲಿ ಕಿತ್ತಳೆ ಮರವೊಂದರಲ್ಲಿ ಒಂದೇ ಒಂದು ಕೊಂಬೆಯ ಹಣ್ಣಿನಲ್ಲಿ ಬೀಜವಿಲ್ಲದ್ದನ್ನು ಗಮನಿಸಿದ್ದೂ ಅವನೇ. ಮರಗಳು ಅಪರೂಪಕ್ಕೆ ಹೀಗೆ ಒಂದು ಕೊಂಬೆಯಲ್ಲಿ ಮಾತ್ರ ತಮ್ಮ ಜಾತಿಯ ದಾರಿ ಬಿಡುತ್ತವೆ. ಅಪ್ಪ ಆ ಕೊಂಬೆಯ ಕಣ್ಣು ತಂದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಮರ ಎಬ್ಬಿಸಿದ. ಹಣ್ಣು ನೋಡಲು ಏನೇನೂ ಚೆನ್ನಾಗಿರಲಿಲ್ಲ. ದಪ್ಪ ಸಿಪ್ಪೆ, ಹಣ್ಣಾದರೂ ಅಲ್ಲಲ್ಲಿ ಹಸಿರು ತೇಪೆ. ಸುಲಿದು ಬಾಯಿಗಿಟ್ಟವರು ಮಾತ್ರ ಇನ್ನೊಂದಕ್ಕೆ ಕೈ ಚಾಚದೆ ಇರುತ್ತಿರಲಿಲ್ಲ. ಆದರೆ ಗಿಡ ಕೊಳ್ಳುವವರು ಹಣ್ಣನ್ನು ಕಣ್ಣಿನಿಂದ ತಿನ್ನುವವರು. ಅಪ್ಪ ಮಾಡಿಕೊಟ್ಟ ನಾಲ್ಕಾರು ಗಿಡ ಯಾರ್ಯಾರದೋ ಅಂಗಳದಲ್ಲಿ ಬೆಳೆದು, ಮನೆ ದೊಡ್ಡದು ಮಾಡುವಾಗ ಕೊಡಲಿಗೆ ಹೋದವು. ಆ ಮೊದಲ ಕೊಂಬೆಯಿದ್ದ ಮರವೂ ಎಂದೋ ಹೋಗಿತ್ತು, ಕೊನೆಗೆ ಉಳಿದದ್ದು ಹಿತ್ತಲಿನ ಈ ಒಂದೇ ಮರ.

ಬೀಜವಿದ್ದ ಜಾತಿಯಾದರೆ ಚಿಂತೆಯಿಲ್ಲ, ಹಕ್ಕಿಯೋ ಅಳಿಲೋ ಎಲ್ಲಾದರೂ ಒಂದು ಬೀಜ ಉಗುಳಿರುತ್ತದೆ. ಬೀಜವಿಲ್ಲದ್ದಕ್ಕೆ ಆ ಭಾಗ್ಯವಿಲ್ಲ. ಇದ್ದ ಒಂದೇ ಮರ ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಮನೆ ಬದಲಾಯಿಸುತ್ತ ಬದುಕಬೇಕು, ಸಾಗಿಸುವ ಕೈ ನಿಂತರೆ ಅಲ್ಲಿಗೆ ಮುಗಿಯಿತು.

ಕಣ್ಣಕ್ಕನಿಗೆ ಮದುವೆಯೂ ಆಗಿತ್ತು. ಅದನ್ನು ಅವಳು ಶೀತ ಜ್ವರದ ಹಾಗೆ ನೆನಪಿಸಿಕೊಳ್ಳುತ್ತಿದ್ದಳು, ಬಂದಿತ್ತು, ಹೋಯಿತು. ಸೊಸೆಯ ಸೊಂಟದಲ್ಲಿ ಚಾಕು ನೋಡಿ ಅತ್ತೆಗೆ ಗಾಬರಿಯಾಗಿ, ಈ ಮನೆಯಲ್ಲಿ ಅದೆಲ್ಲ ನಡೆಯುವುದಿಲ್ಲ, ತೆಗೆದಿಡು ಎಂದರು. ಇವಳು ಚಾಕು ತೆಗೆದಿಡುವ ಬದಲು ಸೀರೆಗಳನ್ನು ಪೆಟ್ಟಿಗೆಯಲ್ಲಿ ಮಡಚಿಟ್ಟುಕೊಂಡು ತವರಿಗೆ ಬಂದಳು. ಗಂಡ ಕರೆಯಲು ಬಂದಾಗ, ಇಲ್ಲೇ ಬಂದಿರು, ಸಸಿಗೆ ನೀರು ಹಾಕಲು ಜನ ಬೇಕು ಎಂದಳಂತೆ. ಅವನು ಕಾಫಿ ಕುಡಿದು ಹೋದವನು ತಿರುಗಿ ಬರಲಿಲ್ಲ. ನಾಲ್ಕು ಜನ ನಾಲ್ಕು ಮಾತಾಡಿದರು. ಅವಳು ಒಂದಕ್ಕೂ ಸೊಪ್ಪು ಹಾಕಲಿಲ್ಲ.

ಅಪ್ಪ ಹೋದ ಮೇಲೆ ತಮ್ಮ ಗಲ್ಲಾಪೆಟ್ಟಿಗೆಗೆ ಕೂತ, ಅಕ್ಕ ತಗಡಿನ ಚಾವಣಿಯ ಕೆಳಗಿನ ಉದ್ದನೆಯ ಬೆಂಚಿಗೆ ಕೂತಳು. ಅವನು ಮಾತಿನ ಮಲ್ಲ, ಇವಳು ಮುಗುಮ್ಮು. ಅವನು ಗಿರಾಕಿಯನ್ನು ಹಿಡಿಯುವುದು, ಇವಳು ಕಣ್ಣು ಹಿಡಿಸುವುದು, ಹೀಗೆ ವರ್ಷಗಟ್ಟಲೆ ಬಂಡಿ ಸಲೀಸಾಗಿ ಸಾಗಿತು.

ಆಮೇಲೆ ಅವಳ ಕಣ್ಣೇ ಕೈಕೊಟ್ಟಿತು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದಿದೆ, ಆಪರೇಷನ್ನಿಗೆ ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು. ನಡುವಿನದು ಹೋದರೆ ಹೋಗಲಿ, ಸುತ್ತಲಿನದು ಇದೆಯಲ್ಲ ಎಂದು ಇವಳು ಎದ್ದು ಬಂದಳು. ಏನನ್ನಾದರೂ ನೇರ ನೋಡಿದರೆ ಅದು ಮಾಯ. ಕತ್ತು ಓರೆ ಮಾಡಿ ಕಣ್ಣಂಚಿನಲ್ಲಿ ನೋಡಿದರೆ ಅಷ್ಟಿಷ್ಟು ಕಾಣುತ್ತಿತ್ತು. ಹಾಗಾಗಿ ಯಾರೊಂದಿಗೆ ಮಾತಾಡಿದರೂ ತಲೆ ಒಂದು ಪಕ್ಕಕ್ಕೆ ವಾಲಿಸಿ, ಎದುರಿನವರ ಕಿವಿಯಾಚೆ ಎಲ್ಲೋ ದೃಷ್ಟಿ ನೆಡುತ್ತಿದ್ದಳು. ಗೊತ್ತಿಲ್ಲದವರು ಎಂಥ ಜಂಬ ಎಂದುಕೊಂಡರು. ಗೊತ್ತಿದ್ದವರಿಗೂ ಆ ಜಂಬ ಮೊದಲಿನಿಂದಲೇ ಇತ್ತೆಂಬುದು ಗೊತ್ತಿತ್ತು. ಅವಳ ಹೆಸರು ಮಾತ್ರ ಈಗ ಎಲ್ಲರಿಗೂ ಮುಜುಗರ. ಟೈಲರು ಬರೀ 'ಅಕ್ಕ' ಎಂದು ಕರೆಯತೊಡಗಿದ. ಪೂರ್ತಿ ಕರಿ, ಅರ್ಧ ಹೆಸರು ನುಂಗಬೇಡ ಎಂದು ಅವಳೇ ಗದರಿದಳು.

ಒಂದು ಹಂಗಾಮಿನಲ್ಲಿ ಅವಳು ಕೂರಿಸಿದ ಸಾಲಿಗೆ ಸಾಲೇ ಹಿಡಿಯದೆ ಕಪ್ಪಾಯಿತು. ಅದೇ ವಾರ ಗಿರಾಕಿಯ ಎದುರೇ ಹೆಬ್ಬೆರಳು ಕೊಯ್ದುಕೊಂಡಳು, ಬೆಂಚಿನ ಮೇಲೆಲ್ಲ ರಕ್ತ. ಅಪ್ಪನ ಕಾಲದ ಆ ಚಾಕುವನ್ನು ತಮ್ಮ ಒರೆಸಿ ಗಲ್ಲಾದ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಕಸಿಗಾರರ ಒಂದು ತಂಡ ಗೊತ್ತುಮಾಡಿದ. ಅವರು ಹಂಗಾಮಿಗೆ ಬಂದು, ಚಕಚಕನೆ ಕೆಲಸ ಮುಗಿಸಿ, ಮುಂದಿನ ನರ್ಸರಿಗೆ ಹೋಗುವವರು. ತಮ್ಮ ಕೆಟ್ಟವನಲ್ಲ. ಅಂಗಡಿಯ ಹೆಸರಿಗೆ ಎಷ್ಟು ಹೆದರುತ್ತಿದ್ದನೋ ಅಕ್ಕನ ಬೆರಳಿಗೂ ಅಷ್ಟೇ ಹೆದರುತ್ತಿದ್ದ. ಆರಾಮಾಗಿ ಇರು, ಕಾಲು ಚಾಚಿ ರೇಡಿಯೋ ಕೇಳು ಎಂದ. ಕಣ್ಣಕ್ಕನಿಗೆ ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹಿತ್ತಲಿನ ಮರಕ್ಕೆ ರೋಗ ಬಂದದ್ದು ಆ ವರ್ಷವೇ. ಬಟ್ಟೆ ಒಗೆಯಲು ಹೋದ ತಮ್ಮನ ಹೆಂಡತಿಗೆ ಬುಡದಲ್ಲಿ ಅಂಟು ಸುರಿದದ್ದು ಕಾಣಿಸಿತು. ಕಣ್ಣಕ್ಕ ಹೋಗಿ ಸವರಿದಾಗ ತೊಗಟೆ ಒದ್ದೆ ಕಾಗದದ ಹಾಗೆ ಕೈಗೇ ಬಂತು. ಬುಡ ಸುತ್ತ ಕೊಳೆತಿತ್ತು. ಇನ್ನು ಈ ಮರ ಏಳುವುದಿಲ್ಲ ಎಂದು ಅವಳ ಬೆರಳಿಗೆ ತಿಳಿಯಿತು. ತಮ್ಮನಿಗೆ ಅದೊಂದು ಅನುಕೂಲವೇ ಆಯಿತು. ಕುಂಡ, ಗೊಬ್ಬರ ಇಡಲು ಒಂದು ಶೆಡ್ಡು ಬೇಕೆಂದು ಅವನು ಎಂದಿನಿಂದಲೋ ಹೇಳುತ್ತಿದ್ದ. ಈಗ ಮರ ಕಡಿಯುವವನಿಗೂ ಗಾರೆಯವನಿಗೂ ಒಟ್ಟಿಗೆ ಹೇಳಿ ಕಳಿಸಿದ.

ಕಡಿಯುವ ಮೊದಲು ಕಣ್ಣು ತೆಗೆದುಕೊಳ್ಳಬೇಕು ಎಂದಳು ಕಣ್ಣಕ್ಕ, ರಾತ್ರಿ ಊಟಕ್ಕೆ ಕೂತಾಗ. ಕಸಿಗಾರರ ತಂಡ ಬಂದು ಹೋಗಿಯಾಗಿದೆ, ಮತ್ತೆ ಬರುವುದು ಮುಂದಿನ ಹಂಗಾಮಿಗೆ ಎಂದ ತಮ್ಮ. ಅಷ್ಟರಲ್ಲಿ ಮರ ಸೌದೆಯಾಗಿರುತ್ತದೆ, ನಾನೇ ಕೂರಿಸುತ್ತೇನೆ ಎಂದಳು. ಅವನು ತಟ್ಟೆಯಿಂದ ಕೈ ತೆಗೆದ. ಆ ಗಿಡವನ್ನು ಕೇಳುವವರು ಯಾರೂ ಇಲ್ಲ, ಬೀಜವಿಲ್ಲದ ಕಿತ್ತಳೆಯಲ್ಲಿ ಚಂದದ ಜಾತಿ ಎಷ್ಟೋ ಬಂದಿವೆ, ಸುಮ್ಮನೆ ಸಸಿ ಹಾಳು ಎಂದು ಸುತ್ತಿ ಬಳಸಿ ಹೇಳಿದ. ಕೊನೆಗೆ ಅಸಲು ಮಾತು ಬಂತು.

"ಅಕ್ಕ, ನಿಂಗೆ ಕಣ್ಣು ಕಾಣ್ಸಲ್ಲ. ಒಪ್ಕೋ."

"ನನ್ನ ಕಣ್ಣು ಹೋಗ್ತಿದೆ ಅಂತ ಆ ಮರದ ಕಣ್ಣೂ ಹೋಗ್ಬೇಕಾ?" ಎಂದು ಅವಳು ಎದ್ದು ಕೈ ತೊಳೆದುಕೊಂಡಳು.

ಮರುದಿನ ಬೆಳಿಗ್ಗೆ ಅಂಗಡಿ ತುಂಬ ಗಿರಾಕಿಗಳು. ಗುಲಾಬಿ ಚೌಕಾಸಿ ಮಾಡುವವರು, ಗೊಬ್ಬರದ ಚೀಲ ಎತ್ತಿಸಿಕೊಳ್ಳುವವರು. ಅವರೆಲ್ಲರ ನಡುವೆ ದಾರಿ ಮಾಡಿಕೊಂಡು ಕಣ್ಣಕ್ಕ ಗಲ್ಲಾದ ಮುಂದೆ ಬಂದು ನಿಂತಳು. ಕತ್ತು ಓರೆ, ಕೈ ಮುಂದೆ.

"ನನ್ನ ಚಾಕು ಕೊಡು."

ತಮ್ಮ ನಗಲು ಪ್ರಯತ್ನಿಸಿದ. "ಆಮೇಲೆ ಮಾತಾಡೋಣ ಅಕ್ಕ."

"ಮಾತು ಆಮೇಲೆ ಆಡೋಣ. ಚಾಕು ಈಗ ಕೊಡು."

ವಯಸ್ಸಾದ ಹೆಂಗಸೊಬ್ಬಳು ಚಾಕು ಕೇಳುವುದನ್ನು ಕಂಡ ಗುಲಾಬಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಬೀದಿಯಾಚೆ ಟೈಲರು ಮಷೀನು ನಿಲ್ಲಿಸಿದ. ಅಕ್ಕ ಇನ್ನೊಂದು ಸಲ ಕೇಳಿದರೆ ದನಿ ಏರುತ್ತದೆಂದು ತಮ್ಮನಿಗೆ ಚಿಕ್ಕಂದಿನಿಂದ ಗೊತ್ತು. ಡ್ರಾಯರು ತೆರೆದು ಚಾಕು ಕೊಟ್ಟ. ನೀರಿನ ತೊಟ್ಟಿಯ ಪಕ್ಕ ಬಿದ್ದಿರುವ ಸಸಿಗಳನ್ನಷ್ಟೇ ಮುಟ್ಟಬೇಕು, ಒಳ್ಳೆಯವನ್ನು ಮುಟ್ಟಕೂಡದು ಎಂದು ಸಣ್ಣ ದನಿಯಲ್ಲಿ ಹೇಳಿ ಮಾನ ಉಳಿಸಿಕೊಂಡ. ಆಕೆ ಅಷ್ಟಕ್ಕೆ ತಲೆಯಾಡಿಸಿದಳು.

ಮರ ಹತ್ತುವ ವಯಸ್ಸು ಅವಳದಲ್ಲ. ಸ್ಟೂಲಿನ ಮೇಲೆ ನಿಂತು ಕಡ್ಡಿ ಕೊಯ್ದುಕೊಟ್ಟದ್ದು ತಮ್ಮನ ಹೆಂಡತಿ. ಗಂಡನಿಗೆ ಎದುರಾಡದ, ಆದರೆ ಗಂಡ ಬೇಡವೆಂದದ್ದನ್ನು ಸದ್ದಿಲ್ಲದೆ ಮಾಡಿ ಮುಗಿಸುವ ಜಾಣೆ. ಕಣ್ಣಕ್ಕ ಬೆಂಚಿನ ಧೂಳು ಒರೆಸಿ, ಚಾಕು ಮಸೆದು, ಪಟ್ಟಿ ಕತ್ತರಿಸಿಕೊಳ್ಳುವಷ್ಟರಲ್ಲಿ ಅವಳು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟು ಒಲೆಯ ಮೇಲಿನ ಹಾಲು ನೋಡಲು ಓಡಿದಳು.

ಎಡವಟ್ಟಾದದ್ದು ಅಲ್ಲೇ. ಕಡ್ಡಿಯ ಎಲೆ ಸವರುವಾಗ ತೊಟ್ಟಿನ ಒಂದಿಷ್ಟು ತುಂಡು ಉಳಿಸಬೇಕು. ಹಿಡಿದುಕೊಳ್ಳಲು ಅದೇ ಹಿಡಿಕೆ, ತೊಟ್ಟು ಕೆಳಗೆ ಕಣ್ಣು ಮೇಲೆ ಎಂಬುದಕ್ಕೆ ಅದೇ ಗುರುತು. ತಮ್ಮನ ಹೆಂಡತಿ ಅಡುಗೆಮನೆಯ ಅಚ್ಚುಕಟ್ಟಿನವಳು. ಹುರುಳಿಕಾಯಿಯ ನಾರು ತೆಗೆದ ಹಾಗೆ ತೊಟ್ಟನ್ನೆಲ್ಲ ಬುಡಸಮೇತ ಕಿತ್ತು, ಅಕ್ಕನ ಕೈಗೆ ಚುಚ್ಚದಿರಲೆಂದು ಮುಳ್ಳನ್ನೂ ಮುರಿದು, ಎರಡೂ ತುದಿ ಸಮನಾಗಿ ಕತ್ತರಿಸಿ ತಂದಿದ್ದಳು. ಸೊರಗಿದ ಮರದ ಕಡ್ಡಿ ಬೇರೆ, ಬುಡವೂ ತುದಿಯೂ ಒಂದೇ ದಪ್ಪ. ಕಣ್ಣಕ್ಕನ ಬೆರಳು ತೊಟ್ಟಿಗಾಗಿ ತಡಕಿತು, ಸಿಗಲಿಲ್ಲ. ಕೂಗಿ ಕೇಳಬಹುದಿತ್ತು. ಕೇಳಿದರೆ ಗಲ್ಲಾದಲ್ಲಿ ಕೂತವನಿಗೂ ಕೇಳಿಸುತ್ತದೆ. ಕಟ್ಟನ್ನು ಹೇಗೆ ಕೊಟ್ಟಿದ್ದಳೋ ಹಾಗೆಯೇ, ತನ್ನ ಕಡೆಗಿದ್ದದ್ದು ಬುಡವೆಂದುಕೊಂಡು ಶುರುಮಾಡಿದಳು.

ಎಷ್ಟೋ ದಿನದ ಮೇಲೆ ಹಿಡಿದ ಚಾಕು. ಮೊದಲ ಸಸಿಯಲ್ಲಿ ಸೀಳು ಸೊಟ್ಟಗಾಯಿತು. ಆಮೇಲೆ ಹಳೆಯ ಲಯ ತಾನಾಗಿ ಬಂತು. ಸೀಳು, ಬಿಡಿಸು, ಕೆತ್ತು, ಜಾರಿಸು, ಸುತ್ತು. ತೊಗಟೆ ಬಿಟ್ಟುಕೊಡುವಾಗಿನ ಆ ಸಣ್ಣ ತಣುಪು ಉಗುರಿಗೆ ತಾಗಿದಾಗಲೆಲ್ಲ ಅವಳಿಗೆ ಖುಷಿ, ಅಳುಬರುವಷ್ಟು ಖುಷಿ. ಸಂಜೆಯ ಹೊತ್ತಿಗೆ ತೊಟ್ಟಿಯ ಪಕ್ಕದ ಸಾಲು ಪೂರ್ತಿ ಮುಗಿದಿತ್ತು.

ಎರಡು ದಿನ ಬಿಟ್ಟು ಮರ ಕಡಿಯುವವನು ಬಂದ. ಒಳಗೆ ಹೋಗಿ ಕೂರು ಎಂದ ತಮ್ಮನ ಮಾತು ಕೇಳದೆ ಕಣ್ಣಕ್ಕ ಒಗೆಯುವ ಕಲ್ಲಿನ ಮೇಲೆ ಕೂತು ಕೊನೆಯ ಕೊಂಬೆ ಬೀಳುವ ತನಕ ಕೇಳಿಸಿಕೊಂಡಳು. ಇನ್ನು ಆ ಜಾತಿ ಇದ್ದದ್ದು ತೊಟ್ಟಿಯ ಪಕ್ಕದ ಪಟ್ಟಿಗಳೊಳಗೆ ಮಾತ್ರ. ಅವು ಕಪ್ಪಾದರೆ ಮತ್ತೆ ಕಣ್ಣು ತರಲು ಜಗತ್ತಿನಲ್ಲಿ ಎಲ್ಲೂ ಮರವಿರಲಿಲ್ಲ.

ಪಟ್ಟಿ ಬಿಚ್ಚುವ ದಿನ ಒಂದೊಂದೇ ಕಪ್ಪು ಕಣ್ಣು ಉದುರಿ ಬಿತ್ತು. ಮೊದಲನೆಯದು, ಎರಡನೆಯದು, ಮೂರನೆಯದು. ತಮ್ಮನ ಹೆಂಡತಿ ಪಕ್ಕದಲ್ಲಿ ಕೂತು ಸೆರಗು ಹಿಂಡುತ್ತಿದ್ದಳು. ಸಾಲಿನ ಕೊನೆಕೊನೆಗೆ, ಕೈ ಪೂರ್ತಿ ಪಳಗಿದ ಮೇಲೆ ಕೂರಿಸಿದ ಮೂರು ಕಣ್ಣು ಹಸಿರಾಗಿ ಗಟ್ಟಿಯಾಗಿ ಉಳಿದಿದ್ದವು. ಕಣ್ಣಕ್ಕ ಮೂರನ್ನೂ ಎರಡೆರಡು ಸಲ ಸವರಿ ನೋಡಿದಳು. ಸಾಕು, ಮೂರು ಧಾರಾಳ ಎಂದಳು.

ಕೆಲವು ದಿನಕ್ಕೆ ಕಣ್ಣು ಒಡೆದು ಚಿಗುರು ಬಂತು. ನೀರು ಬಿಡಲು ಬಂದ ತಮ್ಮ ಬಗ್ಗಿ ನೋಡಿ, ಇನ್ನೊಮ್ಮೆ ನೋಡಿ, ಜೋರಾಗಿ ನಕ್ಕುಬಿಟ್ಟ. ಮೂರಕ್ಕೆ ಮೂರೂ ಚಿಗುರು ನೆಲದ ಕಡೆಗೆ ಹೊರಟಿದ್ದವು.

"ಅಕ್ಕ, ತಲೆಕೆಳಗು ಕೂರ್ಸಿದ್ದೀಯ. ಈಗ್ಲಾದ್ರೂ ಒಪ್ಕೋ. ಕಿತ್ತು ಹಾಕ್ತೀನಿ, ನರ್ಸರೀಲಿ ಯಾರಾದ್ರೂ ನೋಡಿದ್ರೆ ನಗ್ತಾರೆ."

ಕಣ್ಣಕ್ಕ ಬಂದು ಬೆರಳಿಟ್ಟಳು. ಚಿಗುರಿನ ಮೂತಿ ಕೆಳಗಿತ್ತು. ಜೀವಮಾನದಲ್ಲಿ ಒಂದು ಕಣ್ಣನ್ನೂ ಅವಳು ಹಾಗೆ ಕೂರಿಸಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತೊಟ್ಟೇ ಇಲ್ಲದ ಆ ನುಣುಪು ಕಡ್ಡಿಗಳು ನೆನಪಿಗೆ ಬಂದವು, ಏನಾಗಿದೆಯೆಂದು ತಕ್ಷಣ ತಿಳಿಯಿತು. ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತ ತಮ್ಮನ ಹೆಂಡತಿಗೂ ತಿಳಿಯಿತೆಂದು ಅವಳ ಉಸಿರಿನಿಂದಲೇ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ತಪ್ಪು ಅತ್ತ ಜಾರಿಹೋಗುತ್ತಿತ್ತು. ಆ ಮಾತನ್ನು ಕಣ್ಣಕ್ಕ ನುಂಗಿದಳು.

"ಹೌದು, ತಲೆಕೆಳಗು ಕೂರಿಸಿದ್ದೀನಿ. ಹಿಡಿದಿದೆಯೋ ಇಲ್ವೋ, ಅದನ್ನ ಹೇಳು."

ತಮ್ಮ ಮತ್ತೆ ಬಗ್ಗಿ ನೋಡಿದ. ನೋಡಿದ್ದನ್ನು ಇಲ್ಲವೆನ್ನುವಷ್ಟು ಸುಳ್ಳುಗಾರ ಅವನಲ್ಲ. "ಹಿಡಿದಿದೆ," ಎಂದ.

"ಹಾಗಾದ್ರೆ ಕೈ ತೆಗಿ. ತಪ್ಪು ನಂದು, ಗಿಡದ್ದಲ್ಲ."

ಅಂದು ಮಧ್ಯಾಹ್ನ ಊಟಕ್ಕೆ ಬಡಿಸುವಾಗ, ಎಂದೂ ಗಂಡನಿಗೆ ಎದುರಾಡದ ಹೆಂಡತಿ ಸೌಟು ಕೆಳಗಿಟ್ಟು, ತೊಟ್ಟು ಕಿತ್ತದ್ದು ತಾನು, ಅಕ್ಕ ತನ್ನ ಹೆಸರು ಹೇಳದೆ ಬೈಸಿಕೊಂಡರು, ಇನ್ನು ಆ ಗಿಡ ಕಿತ್ತರೆ ತನ್ನನ್ನು ಕೇಳಿ ಕೀಳಬೇಕು ಎಂದಳು. ತಮ್ಮನ ಮುಖ ಹುಳ್ಳಗಾಯಿತು. ಮಜ್ಜಿಗೆಯನ್ನೂ ಕೇಳದೆ ಎದ್ದುಹೋದ.

ತಲೆಕೆಳಗಾದ ಚಿಗುರು ಒಂದು ಗೇಣು ಕೆಳಗೆ ಹೋಗುವಷ್ಟರಲ್ಲಿ ಬಾಗಿತು. ಮೊದಲು ಪಕ್ಕಕ್ಕೆ, ಆಮೇಲೆ ಮೇಲಕ್ಕೆ. ಬೆಳಕು ಯಾವ ಕಡೆಯೆಂದು ಗಿಡಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬುಡದಲ್ಲಿ ಕೊಕ್ಕೆಯಂಥ ಒಂದು ಸೊಟ್ಟ ಕುತ್ತಿಗೆ ಉಳಿಯಿತು, ಅದರ ಮೇಲೆ ಕಾಂಡ ನೆಟ್ಟಗೆ ಎದ್ದಿತು. ಕೆಳಗಿನ ಹುಳಿ ನಿಂಬೆಯೂ ಸುಮ್ಮನಿರುವ ಪೈಕಿಯಲ್ಲ, ತನ್ನದೇ ಚಿಗುರು ತೂರಿಸಿ ಕಣ್ಣಿನ ಚಿಗುರನ್ನು ಉಪವಾಸ ಕೆಡವಲು ನೋಡುತ್ತದೆ. ಅಂಥವನ್ನು ಕಣ್ಣಕ್ಕ ದಿನಾ ಸವರಿ ಚಿವುಟುತ್ತಿದ್ದಳು. ಒಂದು ದಿನ ಸವರಿದರೆ ಒಂದೂ ಸಿಗಲಿಲ್ಲ. ಮರುದಿನವೂ ಇಲ್ಲ. ತಮ್ಮನ ಹೆಬ್ಬೆರಳಿನ ಉಗುರು ಹಸಿರಾಗಿದೆ ಎಂದು ಅವನ ಹೆಂಡತಿ ನಗುತ್ತ ಹೇಳಿದಳು.

ಕಣ್ಣಕ್ಕ ಚಾಕು ವಾಪಸು ಕೊಡಲಿಲ್ಲ, ತಮ್ಮ ಕೇಳಲೂ ಇಲ್ಲ. ಅವಳು ತನಗೊಂದು ಕಟ್ಟಳೆ ಮಾಡಿಕೊಂಡಳು. ತೊಟ್ಟು ಇರಲಿ ಬಿಡಲಿ, ಕಡ್ಡಿಯ ಬುಡ ನೆಟ್ಟಗೆ ಕತ್ತರಿಸಬೇಕು, ತುದಿ ಓರೆಯಾಗಿ. ಓರೆ ತನ್ನ ಕಣ್ಣಿಗೂ ಹೊಂದುತ್ತದೆ, ಬೆರಳಿಗೂ ಹೊಂದುತ್ತದೆ ಎಂದಳು. ಅವಳು ಬೆಂಚಿಗೆ ಕೂತಾಗ ಇಷ್ಟೊತ್ತು ಸಾಕು ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಕೆಲವು ಸಾಲು ಹಿಡಿದವು, ಕೆಲವು ಹಿಡಿಯಲಿಲ್ಲ. ಹಿಡಿಯದಿದ್ದಾಗ ಬಯ್ದುಕೊಂಡು ಮತ್ತೆ ಕೂರಿಸಿದಳು.

ಮೂರು ಗಿಡಗಳನ್ನು ಶೆಡ್ಡಿನ ಗೋಡೆಯುದ್ದಕ್ಕೆ ನೆಟ್ಟರು. ಕೆಲವು ವರ್ಷಕ್ಕೆ ಹಣ್ಣಾಯಿತು. ಅದೇ ದಪ್ಪ ಸಿಪ್ಪೆ, ಅದೇ ಹಸಿರು ತೇಪೆ. ತಮ್ಮ ಒಂದನ್ನು ಸುಲಿದು ಒಂದೊಂದೇ ತೊಳೆ ಅಗಿದ. ಬೀಜ ಸಿಗಬಹುದೆಂದು ನಾಲಿಗೆಯಲ್ಲಿ ಹುಡುಕುವುದು ಅವನ ಕೆನ್ನೆಯ ಮೇಲೆ ಕಾಣುತ್ತಿತ್ತು. ಏನೂ ಸಿಗಲಿಲ್ಲ. ಅವನೂ ಇನ್ನೊಂದಕ್ಕೆ ಕೈ ಚಾಚಿದ.

ಗಿರಾಕಿಗಳು ತಿಂದರು, ಗಿಡ ಕೇಳಿದರು. ಈ ಬುಡ ಯಾಕೆ ಹೀಗೆ ಡೊಂಕು ಎಂದು ಯಾರೋ ಕೇಳಿದಾಗ, ಮಾತಿನ ಮಲ್ಲನಾದ ತಮ್ಮ ಕಣ್ಣು ಮಿಟುಕಿಸದೆ, ಈ ಜಾತಿಯೇ ಹಾಗೆ, ಅದೇ ಇದರ ಗುರುತು ಎಂದುಬಿಟ್ಟ. ಅಲ್ಲಿಗೆ ಮುಗಿಯಿತು. ಬಂದವರೆಲ್ಲ ಬಗ್ಗಿ ಬುಡ ನೋಡತೊಡಗಿದರು. ಆ ಮೂರರ ಕಣ್ಣಿನಿಂದಲೇ ಎಬ್ಬಿಸಿದ, ಆದರೆ ಕುತ್ತಿಗೆ ಸೊಟ್ಟಗಿಲ್ಲದ ಗಿಡ ಕೊಟ್ಟರೆ ಇದು ಅಸಲಿ ಅಲ್ಲ ಎಂದು ಮೂಗು ಮುರಿದು ವಾಪಸಿಟ್ಟರು.

ಒಂದು ಬೆಳಿಗ್ಗೆ ತಮ್ಮ ಕಡ್ಡಿಯ ಕಟ್ಟು ಹಿಡಿದು ಬೆಂಚಿನ ಬಳಿ ಬಂದು ಗಂಟಲು ಸರಿಮಾಡಿಕೊಂಡ. ಹೇಗೂ ತಲೆಕೆಳಗಾದರೂ ಹಿಡಿಯುತ್ತದಲ್ಲ, ಇಷ್ಟನ್ನೂ ಹಾಗೇ ಕೂರಿಸಿದರೆ ಏನು ಗಂಟು ಹೋಗುತ್ತದೆ ಎಂದು ಬೆಣ್ಣೆ ಹಚ್ಚಿ ಕೇಳಿದ. ಕಣ್ಣಕ್ಕ ಚಾಕು ಕೆಳಗಿಟ್ಟಳು. ಕತ್ತು ವಾಲಿಸಿ, ಅವನ ಮುಖ ಕಣ್ಣಂಚಿಗೆ ಸಿಗುವ ತನಕ ತಿರುಗಿಸಿದಳು.

"ಒಂದ್ಸಲ ಗೊತ್ತಿಲ್ದೆ ಮಾಡಿದೆ, ಅದು ತಪ್ಪು. ಈಗ ಗೊತ್ತಿದ್ದೂ ಮಾಡಿದ್ರೆ ಮೋಸ. ನಾನು ನೆಟ್ಟಗೇ ಕೂರಿಸೋದು. ಸೊಟ್ಟ ಕುತ್ತಿಗೆ ನೋಡ್ಲೇಬೇಕು ಅನ್ನೋರು ಯಾರಾದ್ರೂ ಇದ್ರೆ ಇಲ್ಲಿಗೆ ಕಳ್ಸು, ನಂದೇ ಇದೆ."

ತಮ್ಮ ಕಟ್ಟು ಬಿಚ್ಚಿ ಕಡ್ಡಿಗಳನ್ನು ಅವಳ ಎಡಗೈ ಪಕ್ಕದಲ್ಲಿ ಒಂದೊಂದಾಗಿ ಜೋಡಿಸಿದ. ಕಣ್ಣಕ್ಕ ಮೊದಲನೆಯದನ್ನು ಎತ್ತಿಕೊಂಡು ಸವರಿದಳು. ತೊಟ್ಟು ಇತ್ತು. ಬುಡ ಅವಳ ಕಡೆಗಿತ್ತು, ನೆಟ್ಟಗೆ ಕತ್ತರಿಸಿತ್ತು.